ನಿಯಮದಕ್ಕನ ಶನಿವಾರದ ತರಗತಿ

ಖಜಾನೆ ಕಚೇರಿಯ ಮಹಡಿಯಲ್ಲಿ, ಹಳೆಯ ಕಡತಗಳ ಕೋಣೆಯ ಪಕ್ಕ, ಸರ್ಕಾರಿ ಹಣಕಾಸು ನೌಕರರ ಸಂಘದ ಸ್ಥಳೀಯ ಶಾಖೆಗೆ ಒಂದು ಕೊಠಡಿಯಿತ್ತು. ಮಡಚುವ ಕುರ್ಚಿಗಳು, ಒಂದು ಕಪ್ಪುಹಲಗೆ, ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚಾದ ಫ್ಯಾನು. ಶಾಖೆ ವರ್ಷಕ್ಕೊಮ್ಮೆ ಸಭೆ ಸೇರುತ್ತಿತ್ತು, ನಿವೃತ್ತರಾಗುವವರಿಗೆ ಗೋಡೆ ಗಡಿಯಾರ ಕೊಡುತ್ತಿತ್ತು. ಅದು ಬಿಟ್ಟರೆ ಅಲ್ಲಿ ನಡೆಯುತ್ತಿದ್ದ ಕೆಲಸವೆಂದರೆ ಶನಿವಾರ ಮಧ್ಯಾಹ್ನದ ತರಗತಿ. ಬಡ್ತಿಗೆ ಬೇಕಾದ ಇಲಾಖಾ ಪರೀಕ್ಷೆಗೆ ಕಿರಿಯರನ್ನು ತಯಾರು ಮಾಡುವ ಆ ತರಗತಿಯನ್ನು ಹನ್ನೊಂದು ವರ್ಷದಿಂದ ನಡೆಸುತ್ತಿದ್ದವಳು ಬಿಲ್ಲು ವಿಭಾಗದ ಗುಮಾಸ್ತೆ. ರಜೆಯ ನಿಯಮದಿಂದ ಪಿಂಚಣಿ ನಿಯಮದವರೆಗೆ ಎಲ್ಲವೂ ಆಕೆಗೆ ನಾಲಿಗೆ ತುದಿಯಲ್ಲೇ ಇದ್ದುದರಿಂದ ಎಲ್ಲರೂ ನಿಯಮದಕ್ಕ ಎನ್ನುತ್ತಿದ್ದರು.

ಹೊಸದಾಗಿ ಸೇರಿದ್ದ ಗುಮಾಸ್ತೆಯೊಬ್ಬಳು, ಎರಡು ಮಕ್ಕಳ ತಾಯಿ, ತನ್ನ ಜ್ಯೇಷ್ಠತೆ ನೋಡಿಕೊಳ್ಳಲು ಪಟ್ಟಿ ತೆರೆದಾಗ ವಿಷಯ ಹೊರಬಿತ್ತು. ಅಕ್ಕನ ಹೆಸರಿನ ಮುಂದೆ ಪರೀಕ್ಷೆಯ ಕಲಂ ಖಾಲಿಯಿತ್ತು. ಅವಳು ಅಧ್ಯಕ್ಷರಿಗೆ ಪತ್ರ ಬರೆದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಯಮಾನದ ಅಧ್ಯಕ್ಷರು ಇಬ್ಬರನ್ನೂ ಕರೆಸಿದರು.

"ಅಕ್ಕಾ, ನೀವು ಪರೀಕ್ಷೆ ಪಾಸ್ ಮಾಡಿಲ್ವಂತೆ?"

"ಇಲ್ಲ ಸಾರ್. ಆರು ಸಲ ಬರೆದೆ."

"ಮೊದಲೇ ಹೇಳಬಾರದಿತ್ತಾ?"

"ಪಾಠ ಮಾಡೋಕೆ ಬರುತ್ತಾ ಅಂತ ಕೇಳಿದ್ರಿ, ಬರುತ್ತೆ ಅಂದೆ. ಬೇರೇನೂ ಯಾರೂ ಕೇಳ್ಲಿಲ್ಲ."

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನೋ ಹಾಗಾಯ್ತು," ಎಂದಳು ಹೊಸಬಳು.

"ನನಗೆ ಬದನೆಕಾಯೀನೂ ಸಿಕ್ಕಿಲ್ಲಮ್ಮ," ಎಂದು ಅಕ್ಕ ಕೊಠಡಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದಳು.

ತರಗತಿ, ಆ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದ್ದ ಅಧಿಕಾರಿಯೊಬ್ಬರ ಪಾಲಾಯಿತು. ಅವರು ಪುಸ್ತಕ ತೆರೆದು ಮೊದಲ ಪುಟದಿಂದ ಓದಿದರು. ಮೂರನೆಯ ವಾರ ನಾಲ್ಕು ಜನ ಬಂದಿದ್ದರು, ಅವರಲ್ಲಿ ಇಬ್ಬರು ತೂಕಡಿಸುತ್ತಿದ್ದರು. ಹೊಸಬಳಿಗೆ ರಜೆಯ ನಿಯಮದ ತಲೆಬುಡ ತಿಳಿಯಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಕಾಲೆಳೆದುಕೊಂಡೇ, ಅಕ್ಕನ ಮನೆಗೆ ಹೋದಳು.

ಅಕ್ಕನ ಗಂಡ ದರ್ಜಿ. ಮುಂಭಾಗದ ಕೋಣೆಯಲ್ಲಿ ಹೊಲಿಯುತ್ತಿದ್ದ. ಅಕ್ಕ ಪಕ್ಕದಲ್ಲಿ ಕೂತು ಗುಂಡಿ ಹಾಕುತ್ತಿದ್ದಳು. ಬಂದವಳಿಗೆ ಕೂರಲು ಹೇಳಿ, ಹಳೆಯ ಮಾತೆತ್ತದೆ, ಅರ್ಧ ಗಂಟೆಯಲ್ಲಿ ರಜೆಯ ಇಡೀ ಅಧ್ಯಾಯವನ್ನು ಬಿಡಿಸಿಟ್ಟಳು.

"ಇಷ್ಟೆಲ್ಲ ಗೊತ್ತಿದ್ದೂ ಯಾಕಕ್ಕ ಫೇಲಾದ್ರಿ?"

ಉತ್ತರ ಕೊಟ್ಟವನು ದರ್ಜಿ. "ಮೂರು ಗಂಟೇಲಿ ಎಂಟು ಪ್ರಶ್ನೆ. ಇವಳು ಮೂರು ಮುಗಿಸೋ ಹೊತ್ತಿಗೆ ಬೆಲ್ ಹೊಡೆಯುತ್ತೆ."

"ಅರ್ಧಂಬರ್ಧ ಬರೆದ್ರೆ ಓದೋರು ತಪ್ಪು ತಿಳ್ಕೋತಾರೆ," ಎಂದಳು ಅಕ್ಕ.

"ಓದೋರಿಗೆ ಅದೆಲ್ಲ ಗೊತ್ತಿರುತ್ತಕ್ಕ!"

ಹೊಸಬಳು ತಾನೇ ಪರೀಕ್ಷೆಯ ಅರ್ಜಿ ತುಂಬಿ ಅಕ್ಕನ ಸಹಿ ಹಾಕಿಸಿಕೊಂಡಳು. ಎರಡು ತಿಂಗಳು ಭಾನುವಾರಗಳಂದು ಇಬ್ಬರೂ ಎದುರುಬದುರು ಕೂತು ಬರೆದರು. ಇಪ್ಪತ್ತು ನಿಮಿಷವಾದೊಡನೆ ದರ್ಜಿ "ಸಾಕು, ಮುಂದಿನದು" ಎನ್ನುತ್ತಿದ್ದ. ಅಕ್ಕ ಮುಖ ಸಿಂಡರಿಸಿಕೊಂಡು ಪುಟ ತಿರುಗಿಸುತ್ತಿದ್ದಳು.

ಪರೀಕ್ಷೆಯಲ್ಲಿ ಐದು ಪ್ರಶ್ನೆಗಳವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಆರನೆಯ ಪ್ರಶ್ನೆಗೆ ಎರಡು ಅರ್ಥ ಬರುತ್ತಿತ್ತು. ಅಕ್ಕ ಎರಡಕ್ಕೂ ಉತ್ತರ ಬರೆದು, ಪ್ರಶ್ನೆಯನ್ನು ಹೇಗೆ ಕೇಳಬೇಕಿತ್ತು ಎಂದು ಒಂದು ಪುಟ ಸೇರಿಸಿದಳು. ಕೊನೆಯ ಎರಡು ಉಳಿದವು. ನಾಲ್ಕು ಅಂಕಗಳಿಂದ ಫೇಲಾದಳು. ಹೊಸಬಳು ಪಾಸಾದಳು. ಫಲಿತಾಂಶದ ಮರುದಿನ ಅಕ್ಕ ರಜೆ ಹಾಕಿ ಮನೆಯಲ್ಲಿ ಮಲಗಿದ್ದಳು, ಊಟ ಮಾಡಲಿಲ್ಲ. ಅದರ ಮರುದಿನ ಹತ್ತು ಗಂಟೆಗೆ ತನ್ನ ಮೇಜಿನಲ್ಲಿದ್ದಳು.

ಶಾಖೆಯ ವಾರ್ಷಿಕ ಸಭೆಯಲ್ಲಿ ತರಗತಿಯನ್ನು ಅಕ್ಕನಿಗೇ ವಹಿಸಬೇಕೆಂದು ಹೊಸಬಳು ಗೊತ್ತುವಳಿ ಮಂಡಿಸಿದಳು. ಎಲ್ಲರಿಗಿಂತ ಮೊದಲು ಕೈಯೆತ್ತಿದವರು ಮೊದಲ ದರ್ಜೆಯಲ್ಲಿ ಪಾಸಾಗಿದ್ದ ಆ ಅಧಿಕಾರಿ. ಅವರಿಗೆ ಬೀಸುವ ದೊಣ್ಣೆ ತಪ್ಪಿದಂತಾಗಿತ್ತು.

"ಒಂದು ಷರತ್ತು," ಎಂದಳು ಅಕ್ಕ. "ನಾನು ಪಾಸಾಗಿಲ್ಲ ಅಂತ ನೋಟಿಸಿನಲ್ಲಿ ಹಾಕ್ಬೇಕು. ಆಮೇಲೆ ಯಾರೂ ಪಟ್ಟಿ ಹುಡುಕೋ ಹಾಗಾಗ್ಬಾರದು."

ಅಧ್ಯಕ್ಷರು ಹಾಕಿಸಿದರು, ಆದಷ್ಟು ಸಣ್ಣ ಅಕ್ಷರಗಳಲ್ಲಿ.

ಆಕೆ ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಆರು ವರ್ಷದ ನಂತರ ಗುಮಾಸ್ತೆಯಾಗಿಯೇ ನಿವೃತ್ತಳಾದಳು. ಅಷ್ಟರಲ್ಲಿ ತರಗತಿಯ ಮೂವತ್ತೊಂದು ಜನ ಬಡ್ತಿ ಪಡೆದಿದ್ದರು. ಅವರಲ್ಲಿ ಕೆಲವರು ಆಕೆ ನೋಡಿದ ಬಿಲ್ಲುಗಳಿಗೆ ಮೇಲುಸಹಿ ಹಾಕುತ್ತಿದ್ದರು, ಆಕೆಯೆದುರು ಸಹಿ ಹಾಕುವಾಗ ಎದ್ದು ನಿಲ್ಲಬೇಕೋ ಕೂತಿರಬೇಕೋ ತಿಳಿಯದೆ ಒದ್ದಾಡುತ್ತಿದ್ದರು.