ರಬ್ಬರ್ ಪಾದದ ತಪಾಸಣೆ

ಎರಡು ಸಾವಿರದ ಇಸವಿ ಕಳೆದಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿ ನನಗೆ ಟೆಕ್ನಿಷಿಯನ್ ಕೆಲಸ ಸಿಕ್ಕಿದ ಹೊಸತು. ಕೈಚೀಲದಲ್ಲಿ ಹಿಡಿಸುವಂಥ ಒಂದು ಡಾಪ್ಲರ್ ಯಂತ್ರ ನನ್ನ ವಶದಲ್ಲಿತ್ತು. ಚರ್ಮಕ್ಕೆ ಜೆಲ್ ಹಚ್ಚಿ, ಪೆನ್ನಿನಂಥ ಕಡ್ಡಿಯನ್ನು ತಾಗಿಸಿದರೆ ಒಳಗೆ ರಕ್ತ ಹರಿಯುವ ಸದ್ದು ಸ್ಪೀಕರಿನಲ್ಲಿ ಸುಯ್ ಸುಯ್ ಎಂದು ಕೇಳಿಸುತ್ತಿತ್ತು. ಸೂಜಿ ಇಲ್ಲ, ನೋವಿಲ್ಲ.

ಒಮ್ಮೆ ಮಲ್ಪೆ ಬಂದರಿನಲ್ಲಿ ಸಕ್ಕರೆ ಕಾಯಿಲೆಯವರ ಕಾಲು ತಪಾಸಣೆಗೆ ಶಿಬಿರ ಇಟ್ಟೆವು. ಮೀನಿನ ಹರಾಜು ಮುಗಿದ ಮೇಲೆ ನೆಲ ತೊಳೆದು ಮೇಜು ಹಾಕಿಕೊಟ್ಟಿದ್ದರು. ಮೊದಲು ಬಂದವರು ಹಿಂದೆ ಟ್ರಾಲ್ ಬೋಟು ನಡೆಸುತ್ತಿದ್ದ ಹಿರಿಯರು. ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕಿ ಎಡಗಾಲು ಹೋಗಿತ್ತು. ಈಗ ಅಲ್ಲಿ ರಬ್ಬರ್ ಪಾದದ ಕೃತಕ ಕಾಲು. ನಡೆದರೆ ಬಲಗಾಲು ನೋಯುತ್ತದೆ, ಆದರೂ ಯಾರಿಗೂ ತೋರಿಸುವುದಿಲ್ಲ ಎಂದು ಜೊತೆಗಿದ್ದ ಹೆಂಡತಿ ದೂರಿದರು. ಹಿರಿಯರು ರಬ್ಬರ್ ಪಾದವನ್ನು ಮುಂದೆ ಚಾಚಿ, ನಮ್ಮ ಬ್ಯಾನರಿನ ಕಡೆ ಕೈ ತೋರಿಸಿದರು.

“ಎರಡೂ ಕಾಲು ಪರೀಕ್ಷೆ ಅಂತ ಬರೆದಿದ್ದೀರಿ, ಅಲ್ವಾ? ಮೊದಲು ಇದನ್ನು ನೋಡಿ. ಅದು ಆಮೇಲೆ.”

ಎಷ್ಟು ಹೇಳಿದರೂ ಜಗ್ಗಲಿಲ್ಲ. ಕೊನೆಗೆ ಡಾಕ್ಟರು, ನೋಡಿಬಿಡಿ ಎಂದರು. ನಾನು ರಬ್ಬರಿಗೆ ಜೆಲ್ ಹಚ್ಚಿ ಕಡ್ಡಿ ಇಟ್ಟೆ. ಸ್ಪೀಕರು ಕರಕರ ಎಂದಿತು. ಆಮೇಲೆ ಪಾದ ಸ್ಪಷ್ಟವಾದ ತುಳುವಿನಲ್ಲಿ, ಐಸು ಖಾಲಿಯಾಗಿದೆ, ಸಂಜೆಯೊಳಗೆ ದಡಕ್ಕೆ ಬರುತ್ತೇವೆ ಎಂದಿತು.

ಬೋಟುಗಳ ವೈರ್‌ಲೆಸ್ ನಮ್ಮ ತಂತಿಗೆ ಸಿಕ್ಕಿದೆ ಎಂದು ಡಾಕ್ಟರು ವಿವರಿಸಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಹಿರಿಯರು ಬಗ್ಗಿ ತಮ್ಮ ಪಾದವನ್ನೇ ಕೇಳಿದರು: “ಎಂತ ಮೀನು ಉಂಟು?”

ಸ್ವಲ್ಪ ಹೊತ್ತಿಗೆ ಪಾದ, ಬಂಗುಡೆ ಎಂದಿತು.

ಅವರು ತಲೆಯಾಡಿಸಿ, ಸಮಾಧಾನದಿಂದ ಬಲಗಾಲಿನ ಲುಂಗಿ ಮೇಲೆತ್ತಿದರು. ಅಲ್ಲಿ ಸದ್ದು ಉಸಿರಿಗಿಂತ ಸಣ್ಣದಾಗಿತ್ತು. ಡಾಕ್ಟರ ಮುಖ ಬದಲಾಯಿತು. ನಾಳೆಯೇ ಮಣಿಪಾಲಕ್ಕೆ ಬರಬೇಕು, ತಡಮಾಡಿದರೆ ಈ ಕಾಲೂ ಉಳಿಯುವುದಿಲ್ಲ ಎಂದರು. ಹಿರಿಯರು ಅಭಿಪ್ರಾಯ ಕೇಳುವವರಂತೆ ರಬ್ಬರ್ ಪಾದವನ್ನು ನೋಡಿದರು. ಅದು ಸುಮ್ಮನಿತ್ತು.

“ಅದು ಬೇಡ ಅಂತ ಹೇಳಲಿಲ್ಲ. ಹಾಗಾದರೆ ಹೋಗುವುದು,” ಎಂದರು ಹೆಂಡತಿ.

ಆ ದಿನ ಆಮೇಲೆ ತಪಾಸಣೆಗೆ ಬಂದ ಹೆಂಗಸರಲ್ಲಿ ಹಲವರು ಕಾಲು ಚಾಚಿ, ತಮ್ಮ ಗಂಡಂದಿರ ಬೋಟು ಎಲ್ಲಿ ಮುಟ್ಟಿತೆಂದು ನನ್ನನ್ನೇ ವಿಚಾರಿಸಿದರು.

ಮುಚ್ಚಿಹೋಗಿದ್ದ ರಕ್ತನಾಳವನ್ನು ಮಣಿಪಾಲದಲ್ಲಿ ಬಿಡಿಸಿದರು, ಕಾಲು ಉಳಿಯಿತು. ವಾರ್ಡಿನಲ್ಲಿ ನಾನೇ ಆ ಬಲಗಾಲಿಗೆ ಕಡ್ಡಿ ಇಟ್ಟು ನೋಡಿದೆ. ಸದ್ದು ಕೋಣೆ ತುಂಬಿತು. ನನ್ನ ಕಣ್ಣು ಒದ್ದೆಯಾಯಿತು. ಹಿರಿಯರು ಕಿವಿಗೊಟ್ಟು ಕೇಳಿ, ನಿರಾಶೆಯಿಂದ ಹಿಂದಕ್ಕೆ ಒರಗಿದರು.

“ಇದರಲ್ಲಿ ಸುದ್ದಿ ಎಂತದೂ ಇಲ್ಲ ಮೇಡಂ. ಬರೀ ಶಬ್ದ.”

ಹೆಂಡತಿ ಸೆರಗಿನಿಂದ ಅವರ ಕಾಲಿನ ಜೆಲ್ ಒರೆಸತೊಡಗಿದರು.