ಅಳಿಸಿದ ಅರ್ಧ ವೃತ್ತ

ಕಾರು ಜೋಡಿಸುವ ಕಾರ್ಖಾನೆಯಲ್ಲಿ ನನ್ನದು ಲೈನ್ ಸೂಪರ್‌ವೈಸರ್ ಕೆಲಸ. ಕೇಳಿದವರಿಗೆ ದೊಡ್ಡದಾಗಿ ಕಾಣುತ್ತದೆ. ನಸುಕಿನಲ್ಲೇ ತಾಂಬರಂನಲ್ಲಿ ಕಂಪನಿ ಬಸ್ಸು ಹತ್ತಿ, ಪಾಳಿ ಶುರುವಾಗುವ ಮೊದಲು ಯಾರು ಎಲ್ಲಿ ನಿಲ್ಲಬೇಕೆಂದು ಹಂಚುವುದೇ ಅದರ ಮುಖ್ಯ ಭಾಗ. ಬಾಗಿಲಿಗೆ ರಬ್ಬರ್ ಕೂರಿಸುವವರು ಯಾರು, ಸೀಟು ಬಿಗಿಯುವವರು ಯಾರು, ತಲೆಯ ಮೇಲೆ ತೂಗಿಕೊಂಡು ಬರುವ ಕಾರಿನ ಕೆಳಗೆ ನಿಂತು ಕೈಯೆತ್ತಿ ಬೋಲ್ಟು ಹಾಕುವವರು ಯಾರು. ರೈಲ್ವೆಯಲ್ಲಿ ಮೇಸ್ತ್ರಿಯಾಗಿದ್ದ ನಮ್ಮಪ್ಪ ಗ್ಯಾಂಗಿನವರ ಮುಖ ನೋಡಿ ಕೆಲಸ ಹಂಚುತ್ತಿದ್ದರಂತೆ. ಜ್ವರದಿಂದ ಎದ್ದು ಬಂದವನಿಗೆ ಹಗುರದ್ದು, ಕುಡಿದು ಬಂದವನಿಗೆ ಭಾರದ್ದು. ನಮ್ಮಲ್ಲಿ ಅದಕ್ಕೆ ವೃತ್ತಗಳಿವೆ.

ಲೈನಿನ ಪಕ್ಕ ಒಂದು ದೊಡ್ಡ ಹಲಗೆ. ಅದರಲ್ಲಿ ಪ್ರತಿಯೊಬ್ಬನ ಹೆಸರಿನ ಮುಂದೆ ಒಂದೊಂದು ಕೆಲಸಕ್ಕೂ ಒಂದೊಂದು ವೃತ್ತ, ನಾಲ್ಕು ತುಂಡು ಮಾಡಿದ ಹೋಳಿಗೆಯ ಹಾಗೆ. ಒಂದು ಭಾಗ ತುಂಬಿದ್ದರೆ ಈಗಷ್ಟೇ ಕಲಿಯುತ್ತಿದ್ದಾನೆ ಎಂದರ್ಥ. ಮೂರು ತುಂಬಿದ್ದರೆ ಒಬ್ಬನೇ ಮಾಡಬಲ್ಲ. ನಾಲ್ಕೂ ತುಂಬಿದವನು ಇನ್ನೊಬ್ಬನಿಗೆ ಕಲಿಸಬಲ್ಲ. ತುಂಬುವವನು ನಾನು. ಈಗ ಅದೇ ವೃತ್ತಗಳು ಟ್ಯಾಬ್‌ಗೂ ಹೋಗಿವೆ. ಬೆಳಿಗ್ಗೆ ಬಂದವರ ಹಾಜರಿ ಒತ್ತಿದರೆ ಯಾರು ಎಲ್ಲಿ ಎಂದು ಅದೇ ಹೇಳುತ್ತದೆ. ಬದಲಾಯಿಸಬೇಕಾದರೆ ಪಟ್ಟಿಯಿಂದ ಕಾರಣ ಆರಿಸಬೇಕು. ಆ ಪಟ್ಟಿಯಲ್ಲಿ ‘ಪಾಪ ಅನ್ನಿಸಿತು’ ಎಂಬ ಕಾರಣ ಇಲ್ಲ.

ನನ್ನ ಲೈನಿನಲ್ಲಿ ರಾಯಚೂರು ಕಡೆಯವನೊಬ್ಬನಿದ್ದ. ಮೂವತ್ತು ದಾಟಿದವನು, ಕಾಂಟ್ರಾಕ್ಟಿನ ಮೇಲೆ ಬಂದವನು, ಪಲ್ಲಾವರಂನಲ್ಲಿ ಹೆಂಡತಿ ಮಗಳೊಡನೆ ಬಾಡಿಗೆಗಿದ್ದ. ನಾನು ಕನ್ನಡದವನೆಂದು ತಿಳಿದ ದಿನ ಅವನಿಗೆ ಊರೇ ಸಿಕ್ಕಷ್ಟು ಖುಷಿ. ಆದರೆ ನನ್ನ ಮಾತು ಕೇಳಿ ನಗುತ್ತಿದ್ದ. “ನಿಮ್ಮ ಕನ್ನಡದಾಗ ತಮಿಳ ಉಪ್ಪು ಜಾಸ್ತಿ ಬಿದ್ದೈತ್ರಿ ಸರ” ಎನ್ನುತ್ತಿದ್ದ. ಕಾರಿನ ಕೆಳಗಿನ ಕೆಲಸದಲ್ಲಿ ಅವನದು ಎತ್ತಿದ ಕೈ. ಬೋಲ್ಟು ಸರಿಯಾಗಿ ಕೂತಿತೋ ಇಲ್ಲವೋ ಎಂದು ಅದನ್ನು ಬಿಗಿಯುವ ಗನ್ನಿನ ಸದ್ದಿನಲ್ಲೇ ಹೇಳುತ್ತಿದ್ದ. ವರ್ಷ ತುಂಬುವ ಮೊದಲೇ ನಾನು ಅವನಿಗೆ ನಾಲ್ಕನೆಯ ಭಾಗವನ್ನೂ ತುಂಬಿದೆ, ಮಗನಿಗೆ ಮಾರ್ಕ್ಸ್ ಬಂದವನಂತೆ ಬೀಗಿದೆ.

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರೆ. ಆ ಕೆಲಸಕ್ಕೆ ಮೂರು ಭಾಗದವರು ಇಬ್ಬರಿದ್ದರು. ಆದರೆ ನಾಲ್ಕರವನು ಹಾಜರಿದ್ದರೆ ಟ್ಯಾಬ್ ಅವನನ್ನೇ ಹಾಕುತ್ತದೆ. ಅವನೋ ಒಂದು ದಿನವೂ ರಜೆ ಹಾಕುವವನಲ್ಲ. ತಿಂಗಳುಗಟ್ಟಲೆ ಎರಡೂ ಕೈ ಮೇಲೆತ್ತಿ ನಿಂತ.

ಒಂದು ದಿನ ಚಹಾದ ಹೊತ್ತಿನಲ್ಲಿ ಅವನು ಎಡಗೈಯಲ್ಲಿ ಲೋಟ ಹಿಡಿದದ್ದು ಕಂಡಿತು. ಏನಾಯಿತೆಂದು ಕೇಳಿದೆ.

“ಭುಜ ಹಿಡದೈತಿ, ಬಲಗೈ ಮ್ಯಾಲ ಎತ್ತಾಕ ಬರವಲ್ದ್ರಿ. ಮಗಳಿಗೆ ಜಡಿ ಹಾಕಾಕೂ ಆಗವಲ್ದು.”

“ಡಾಕ್ಟರ್ ಹತ್ರ ಹೋಗಿದ್ಯಾ?”

“ಕೀಲ್ಪಾಕ್ ದವಾಖಾನಿಗೆ ಹೋಗಿದ್ದೆ. ಮೂರು ತಿಂಗಳು ಕೈ ಎತ್ತೋ ಕೆಲಸ ಬ್ಯಾಡ ಅಂತ ಚೀಟಿ ಬರದಾರ. ಅದನ್ನ ಇಲ್ಲಿ ತೋರಿಸಿದ್ರ ನಾಳಿಂದ ನಾ ಗೇಟಿನ ಹೊರಗ. ಹೌದಲ್ರಿ?”

ಹೌದು. ಕಾಂಟ್ರಾಕ್ಟಿನವನ ಮೈ ಕೆಟ್ಟರೆ ಇಲ್ಲಿ ಹಗುರ ಕೆಲಸ ಕೊಡುವುದಿಲ್ಲ, ಇನ್ನೊಬ್ಬನನ್ನು ಕರೆಸುತ್ತಾರೆ. “ಸ್ವಲ್ಪ ಪೊರುತ್ಕೊಳಪ್ಪಾ, ನೋಡೋಣ” ಎಂದೆ. ತಾಳಿಕೋ ಎನ್ನಬೇಕಾದ ಕಡೆ ನನ್ನ ಬಾಯಿಗೆ ಬರುವುದು ತಮಿಳೇ. ಅವನು ಈ ಸಲ ನಗಲಿಲ್ಲ.

“ನೋಡೂದೇನೈತ್ರಿ? ನನ್ನ ವೃತ್ತದಾಗ ಎರಡು ಭಾಗ ಅಳಸಿಬಿಡ್ರಿ. ಅರ್ಧ ಕಲ್ತವನ್ನ ಮಷಿನ್ ಅಲ್ಲಿಗೆ ಹಾಕಂಗಿಲ್ಲ.”

ಎರಡು ದಿನ ಯೋಚಿಸಿ ಅಳಿಸಿದೆ. ‘ಕೆಲಸದಲ್ಲಿ ದೋಷ’ ಎಂಬ ಕಾರಣ ಆರಿಸಿದೆ, ಅವನ ಕೆಲಸದಲ್ಲಿ ದೋಷ ಹುಡುಕಿದರೂ ಸಿಗುತ್ತಿರಲಿಲ್ಲ. ಮರುದಿನ ಟ್ಯಾಬ್ ಅವನನ್ನು ಬಾಗಿಲ ರಬ್ಬರಿಗೆ ಕಳಿಸಿತು. ಸೊಂಟದ ಮಟ್ಟದ ಕೆಲಸ. ಐದನೆಯ ವಾರಕ್ಕೆ ಅವನು ಬಲಗೈಯನ್ನು ಕಿವಿಯವರೆಗೆ ತಂದು ತೋರಿಸಿದ. ನಾನೂ ಅಪ್ಪನ ಹಾಗೆ ಮುಖ ನೋಡಿ ಕೆಲಸ ಹಂಚಿದೆನೆಂದು ಹೆಮ್ಮೆಯಾಯಿತು.

ಆ ವಾರವೇ ಕಾಂಟ್ರಾಕ್ಟು ಮುಂದುವರಿಸುವವರ ಪಟ್ಟಿ ಬಂತು. ಅವನ ಹೆಸರಿರಲಿಲ್ಲ. ವೃತ್ತ ಇಳಿದವರನ್ನು ಮೊದಲು ಕೈಬಿಡುತ್ತಾರೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಯಾರ ವೃತ್ತವೂ ಇಳಿದದ್ದನ್ನು ನಾನು ಕಂಡಿರಲಿಲ್ಲ, ಹಾಗಾಗಿ ಮರೆತಿದ್ದೆ. ಇಷ್ಟು ವರ್ಷ ತುಂಬುವುದೊಂದೇ ಮಾಡಿದವನ ತಪ್ಪು ಅದು.

ಸಿಬ್ಬಂದಿ ವಿಭಾಗದ ಅಧಿಕಾರಿಯ ಹತ್ತಿರ ಹೋಗಿ, ಅವನು ಒಳ್ಳೆಯ ಕೆಲಸಗಾರ, ವೃತ್ತ ತಪ್ಪಾಗಿದೆ ಎಂದೆ. ಕೆಟ್ಟ ಮನುಷ್ಯನಲ್ಲ ಅವರು. ತಮಿಳಿನಲ್ಲಿ ಮೆಲ್ಲಗೆ ಕೇಳಿದರು: ಹಾಗಾದರೆ ನೀವು ಸುಳ್ಳು ಬರೆದಿರಾ? ಅಥವಾ ಅವನಿಗೆ ಆ ಕೆಲಸ ಮಾಡಲು ಆಗುತ್ತಿಲ್ಲವಾ? ಎರಡರಲ್ಲಿ ಯಾವುದನ್ನು ಬರೆದುಕೊಳ್ಳಲಿ?

ಅತ್ತ ದರಿ ಇತ್ತ ಪುಲಿ. ಭುಜದ ಮಾತೆತ್ತಿದರೆ ಅವನು ಹೋಗುತ್ತಾನೆ, ಸುಳ್ಳು ಎಂದರೆ ಏಕೆಂಬ ಪ್ರಶ್ನೆಗೆ ಮತ್ತೆ ಭುಜವೇ ಬರುತ್ತದೆ, ನಾನೂ ಜೊತೆಗೆ ಹೋಗುತ್ತೇನೆ. ನನ್ನ ಕೆಲಸ ಉಳಿಸಿಕೊಳ್ಳುವ ಭಯವೂ ಇತ್ತು. ಇರಲಿಲ್ಲವೆಂದರೆ ಅದು ನಾನು ಬರೆದ ಇನ್ನೊಂದು ಸುಳ್ಳಾಗುತ್ತದೆ. ಬರೆದದ್ದೇ ಇರಲಿ ಎಂದು ಹೇಳಿ ಎದ್ದು ಬಂದೆ.

ಕಡೆಯ ದಿನ ಪಾಳಿ ಮುಗಿದ ಮೇಲೆ ಅವನು ಬಂದ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಮಡಚಿದ ಬಿಳಿ ಹಾಳೆಯೊಂದನ್ನು ಮೇಜಿನ ಮೇಲೆ ಬಿಡಿಸಿಟ್ಟ. ಅದರಲ್ಲಿ ತಾನೇ ಬಳೆಯಿಟ್ಟು ಗೆರೆ ಎಳೆದು ವೃತ್ತವೊಂದನ್ನು ಬರೆದು ತಂದಿದ್ದ, ಮಗಳ ಬಳೆಯಿರಬೇಕು, ಚಿಕ್ಕದಿತ್ತು.

“ಇನ್ನೊಂದು ಕಾರ್ಖಾನ್ಯಾಗ ಕೇಳೇನ್ರಿ. ಯಾವ ಕೆಲಸ ಪೂರ್ತಿ ಬರ್ತೈತಿ ಅಂತ ಹಳೇ ಸೂಪರ್‌ವೈಸರ್ ಬರದು ಸೈನ್ ಹಾಕಿದ್ರ ತಗೋತಾರಂತ. ಕಾರಿನ ಕೆಳಗಿನ ಕೆಲಸ ಅಂತ ಬರೀರಿ. ನಾಲ್ಕೂ ತುಂಬ್ರಿ.”

“ರಬ್ಬರ್ ಕೆಲ್ಸ ಅಂತ ಬರೀತೀನಪ್ಪಾ.”

“ರಬ್ಬರ್ ಹಾಕೋರು ಬೀದಿಗೊಬ್ರು ಸಿಗ್ತಾರ್ರಿ. ಅದಕ್ಕ ಯಾರು ಕರೀತಾರ?”

“ಭುಜ?”

“ನಡಿತೈತ್ರಿ.”

ಹಲಗೆಗೆ ಬಳಸುತ್ತಿದ್ದ ಹಳೆಯ ನೀಲಿ ಪೆನ್ನು ಹುಡುಕಿ ತುಂಬಿದೆ. ಒಂದು, ಎರಡು, ಮೂರು, ನಾಲ್ಕು. ಕೆಳಗೆ ಸಹಿ ಹಾಕಿ ಹಾಳೆ ಚಾಚಿದೆ. ಅವನು ಎಡಗೈ ನೀಡಿದ.

“ಎಡಗೈ ಅಂತ ತಪ್ಪ ತಿಳ್ಕೋಬ್ಯಾಡ್ರಿ ಸರ” ಎಂದು ಹೇಳಿ ತೆಗೆದುಕೊಂಡ.