ನೀಲಪ್ಪ ಕಾಕಾನ ಎರಡನೇ ವಲಯ

ನೀಲಪ್ಪ ಕಾಕಾ ನಡೆಯುವಾಗ ಅವರ ತುಟಿಗಳು ಅಲುಗುತ್ತಿದ್ದವು. ತಿರ್ಲಾಪುರದ ಹಿರಿಯರು ಅದನ್ನು ಶಿವನಾಮವೆಂದೇ ತಿಳಿದು, ಅವರು ಎದುರಿಗೆ ಬಂದರೆ ಬದಿಗೆ ಸರಿದು ನಿಲ್ಲುತ್ತಿದ್ದರು. ನಾನು ಆಗಷ್ಟೇ ಧಾರವಾಡದಲ್ಲಿ ಕಾಲೇಜು ಸೇರಿ, ಚರ್ಚಾಸ್ಪರ್ಧೆಯಲ್ಲಿ ಮೊದಲ ಕಪ್ ಗೆದ್ದು ರಜೆಗೆ ಬಂದಿದ್ದೆ. ಪುರಾವೆ ಇಲ್ಲದೆ ಏನನ್ನೂ ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಒಂದು ಸಂಜೆ ಅವರ ಬೆನ್ನ ಹಿಂದೆಯೇ ನಡೆದು ಕಿವಿಗೊಟ್ಟೆ. "ನಾಕನೂರಾ ಹನ್ನೊಂದು, ನಾಕನೂರಾ ಹನ್ನೆರಡು..." ಜಪವಲ್ಲ, ಹೆಜ್ಜೆಯ ಎಣಿಕೆ!

ಇದನ್ನು ಊರ ಕಟ್ಟೆಯ ಮೇಲೆ ನಿಂತು ಸಾರಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಕಾ ಮಾತ್ರ ಮರುದಿನ ನನ್ನನ್ನು ಕರೆದರು.

"ನೀ ಹೇಳಿದ್ದು ಖರೇ ಐತಿ ತಮ್ಮಾ. ಆದ್ರ ನೀ ಬೆನ್ನ ಹತ್ತಿದ್ದಕ್ಕ ನನಗ ಲೆಕ್ಕಾ ತಪ್ಪಿತು. ಈಗ ಊರ ಅಗಸಿ ಬಾಗಲದಿಂದ ಮತ್ತ ಎಣಿಸಬೇಕು. ನಡಿ, ನೀನೂ ಬಾ."

ಹೋದೆ. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಕಾಕಾ ಸರ್ವೇ ಇಲಾಖೆಯಲ್ಲಿ ಮೂವತ್ತು ವರ್ಷ ಚೈನ್‌ಮನ್ ಆಗಿದ್ದವರು. ಸಾಹೇಬರು ನಕಾಶೆ ಬರೆದರೆ ಇವರು ಕಬ್ಬಿಣದ ಸಾಂಕಳಿಯ ಒಂದು ತುದಿ ಹಿಡಿದು ಹೊಲದುದ್ದಕ್ಕೂ ನಡೆಯಬೇಕು. ಸಾಂಕಳಿ ನಿಂತಲ್ಲಿ ಗಡಿಯ ಗುರುತಿಗೆ ಬಾಂದಗಲ್ಲು ನೆಡಿಸಬೇಕು. ಸಾಂಕಳಿಯ ಚೀಲ ಹೊತ್ತು ಹೊತ್ತು ಬಲಭುಜ ಎಡಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಒಮ್ಮೆ ಅಳತೆಯ ಗೆರೆ ಅವರ ಸ್ವಂತ ಹೆಂಡತಿಯ ಅಣ್ಣನ ಬಾವಿಯ ನಡುವೆಯೇ ಹಾದುಹೋಯಿತಂತೆ. "ಒಂದು ಮಾರು ಅತ್ತಾಗ ಸರಸಿದ್ರ ಯಾರಿಗೆ ಗೊತ್ತಾಗತೈತಿ ನೀಲಪ್ಪಾ?" ಎಂದು ಭಾವ ಕೈಹಿಡಿದುಕೊಂಡ. "ಸಾಂಕಳಿಗೆ ಬೀಗರು ಇರಂಗಿಲ್ಲಪಾ" ಎಂದು ಕಾಕಾ ಬಾವಿಯ ಈಚೆಗೊಂದು, ಆಚೆಗೊಂದು ಕಲ್ಲು ನೆಡಿಸಿದರು. ಆ ಮನೆಯ ಊಟ ಏಳು ವರ್ಷ ತಪ್ಪಿತು. ಇದನ್ನು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯೂ ಇರುತ್ತಿರಲಿಲ್ಲ, ಬೇಸರವೂ ಇರುತ್ತಿರಲಿಲ್ಲ. ಅಳತೆ ಅಷ್ಟಿತ್ತು, ಅಷ್ಟೇ.

ನಮ್ಮ ಕಡೆಯ ನೆಲ ನೋಡಿದವರಿಗೆ ಗೊತ್ತು. ಎರೆಭೂಮಿ. ಹತ್ತಿ ಹೊಲದ ಮೇಲೆ ಬಿಟ್ಟ ಕಣ್ಣು ಎಲ್ಲೂ ಎಡವದೆ ಹೋಗಿ ಆಕಾಶಕ್ಕೆ ಮುಟ್ಟುತ್ತದೆ. ಅಂಥ ನೆಲದಲ್ಲಿ ಹುಟ್ಟಿದ ಈ ಮನುಷ್ಯನ ತಲೆಯೊಳಗೆ ಗುಡ್ಡ ಹೊಕ್ಕದ್ದು ನೌಕರಿಯ ಮೊದಲ ವರ್ಷ, ಅಳ್ನಾವರದ ಆಚೆ. ಕಾಡಿನ ಅಂಚಿನ ಹೊಲಗಳನ್ನು ಅಳೆಯುತ್ತ ಒಂದು ಏರಿನ ಮೇಲೆ ಬಂದರಂತೆ. ಅಲ್ಲೊಂದು ಹಳೆಯ ಬಾಂದಗಲ್ಲು. ಸಾಹೇಬರು ಪುಸ್ತಕದಲ್ಲಿ "ಮುಂದೆ ಅರಣ್ಯ" ಎಂದು ಬರೆದು, "ಸಾಂಕಳಿ ಸುತ್ತು ನೀಲಪ್ಪಾ, ಇಲ್ಲಿಗೆ ಮುಗೀತು" ಎಂದರು. ಕಾಕಾ ತಲೆ ಎತ್ತಿದರು. ಕಲ್ಲಿನ ಆಚೆ ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು. ಹಿಂದೆ ಹೋದಷ್ಟೂ ನೀಲಿ ತೆಳುವಾಗುತ್ತ, ಕೊನೆಯದು ಗುಡ್ಡವೋ ಆಕಾಶವೋ ತಿಳಿಯದಂತೆ.

"ಸಾಂಕಳಿ ಸುತ್ತಿದ್ನಿ ಖರೇ," ಎನ್ನುತ್ತಿದ್ದರು, "ಆದ್ರ ನಾ ಇನ್ನೂ ಅಲ್ಲೇ ನಿಂತೀನಿ ತಮ್ಮಾ."

ನಿವೃತ್ತಿಯಾದ ವರ್ಷ ಅವರು ತೀರ್ಮಾನಿಸಿದರು: ಆ ಕಲ್ಲಿನಿಂದ ಹೊರಟು, ಘಟ್ಟದ ನೆತ್ತಿಯ ಏಣು ಹಿಡಿದು ತೆಂಕಣಕ್ಕೆ ನಡೆದು, ಸಮುದ್ರ ಕಾಣುವ ತುದಿಯವರೆಗೆ ಹೋಗಬೇಕು. ಬಸ್ಸಿಲ್ಲ, ಬಂಡಿಯಿಲ್ಲ, ಬರೀ ಕಾಲು. ದಾರಿ ಮೂರು ಅರಣ್ಯ ವಲಯಗಳಲ್ಲಿ ಹಾಯುತ್ತಿತ್ತು. ಮೂರಕ್ಕೂ ಬೇರೆ ಬೇರೆ ಪರವಾನಿಗೆ.

ನಾನು ಎದ್ದು ನಿಂತು ವಿರೋಧಿಸಿದೆ. ನಡೆಯಲು ಪರವಾನಿಗೆ ಏಕೆ? ಗುಡ್ಡ ಯಾರಪ್ಪನ ಆಸ್ತಿ? ಕಟ್ಟಿಗೆ ಕದಿಯುವವರು ಅರ್ಜಿ ಹಾಕುತ್ತಾರೆಯೇ? ಮೂರು ಪ್ರಶ್ನೆಗಳನ್ನೂ ಕಾಕಾ ತಲೆದೂಗುತ್ತ ಕೇಳಿದರು. ನಂತರ ಹೇಳಿದರು: "ಮೂವತ್ತ ವರ್ಷ ಮಂದಿಗೆ 'ನಿಂದು ಇಲ್ಲಿಗೆ ಮುಗೀತು, ಮುಂದ ಕಾಲಿಡಬ್ಯಾಡ' ಅಂತ ಹೇಳೀನಿ. ಈಗ ನಾನ ಕಲ್ಲು ದಾಟಿ ಹೋದ್ರ ಅವ್ರೆಲ್ಲಾರೂ ಬಂದು ನನ್ನ ಕೇಳೂದಿಲ್ಲೇನು?"

ಉತ್ತರವಿಲ್ಲದಾಗ ವಿಷಯ ಬದಲಿಸಬೇಕೆಂದು ಚರ್ಚಾಕೂಟದಲ್ಲಿ ಕಲಿತಿದ್ದೆ, "ಎಷ್ಟು ದಿನದ ದಾರಿ?" ಎಂದೆ.

ಕಾಕಾ ಕಚೇರಿಯ ಹಳೆಯ ನಕಾಶೆಯ ಮೇಲೆ ತೆಳುಹಾಳೆ ಇಟ್ಟು ತೆಗೆದುಕೊಂಡ ಪ್ರತಿಯನ್ನು ಬಿಚ್ಚಿದರು. ಹತ್ತಿಯ ನೂಲೊಂದನ್ನು ಗೆರೆಯ ಮೇಲೆ ಹಾಸಿ, ಅಳೆದು, "ಹನ್ನೆರಡು ದಿನ" ಎಂದರು.

"ಕಾಕಾ, ಇದು ನಮ್ಮ ಹೊಲ ಅಲ್ರಿ. ನೂಲು ಹಾಳಿ ಮ್ಯಾಲ ಸಪಾಟ ಮಲಗೇತಿ. ನೀವು ಏರಬೇಕು, ಇಳೀಬೇಕು, ಮತ್ತ ಏರಬೇಕು."

ಅವರು ನೂಲಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಮೂವತ್ತು ವರ್ಷ ಸಪಾಟ ನೆಲ ಅಳೆದವರಿಗೆ ಏರು ಎಂಬುದು ಲೆಕ್ಕದಲ್ಲೇ ಬಂದಿರಲಿಲ್ಲ.

ಮರುದಿನ ಅವರ ಹಿತ್ತಿಲ ಕಣದಲ್ಲಿ ಘಟ್ಟ ಏಳತೊಡಗಿತು. ಸುಗ್ಗಿ ಮುಗಿದು ಕಣ ಖಾಲಿ ಬಿದ್ದಿತ್ತು. ಎರೆಮಣ್ಣು ಕಲಸಿ, ನಕಾಶೆಯ ಎತ್ತರದ ಗೆರೆಗಳನ್ನು ನೋಡಿ ನೋಡಿ, ಒಂದೊಂದೇ ಶಿಖರ ಒತ್ತಿದರು. ಹದಿನೈದು ದಿನದಲ್ಲಿ ಮೊಣಕಾಲೆತ್ತರದ ಕಪ್ಪು ಬೆಟ್ಟಸಾಲು ಕಣದ ಈ ತುದಿಯಿಂದ ಆ ತುದಿಗೆ ಮಲಗಿತು. ಸಂಜೆಯ ಇಳಿಬಿಸಿಲು ಅದರ ಮೇಲೆ ಬಿದ್ದಾಗ ಒಂದು ಮಗ್ಗುಲು ಹೊಳೆದು, ಇನ್ನೊಂದು ಮಗ್ಗುಲು ಕಣಿವೆಗಳೊಳಗೆ ಕತ್ತಲು ತುಂಬಿಕೊಳ್ಳುತ್ತಿತ್ತು. ಬೆಳಿಗ್ಗೆ ಒಲೆಯ ಹೊಗೆ ತಗ್ಗಾಗಿ ಬಂದು ಶಿಖರಗಳ ಸೊಂಟ ಸುತ್ತುತ್ತಿತ್ತು. ನಾನು, ಯಾವುದಕ್ಕೂ ಬೆರಗಾಗಬಾರದೆಂದು ಪಣ ತೊಟ್ಟವನು, ಹಲ್ಲುಜ್ಜುತ್ತ ನಿಂತಲ್ಲೇ ಮೈಮರೆಯುತ್ತಿದ್ದೆ.

ಕಾಕಾನ ಹೆಂಡತಿ ನೀರವ್ವ ಚಿಗವ್ವನಿಗೆ ಮಾತ್ರ ರೇಗುತ್ತಿತ್ತು. "ಮಂದಿ ಗಂಡಂದ್ರು ಹೊಲಾ ಹಸನ ಮಾಡ್ತಾರ. ನನಗ ಸಿಕ್ಕಾಂವ ಕಣದಾಗ ಗುಡ್ಡಾ ಕಟ್ಟಾಕತ್ತಾನ. ಹಪ್ಪಳಾ ಎಲ್ಲಿ ಒಣಗಸಲಿ, ನಿನ್ನ ತಲಿ ಮ್ಯಾಲ?"

"ಆ ತುದಿಗೆ ಹಾಕು. ಅದು ಸಮುದ್ರ, ಖಾಲಿ ಐತಿ."

ಚಿಗವ್ವ ನಿಜವಾಗಿಯೂ ಸಮುದ್ರದಲ್ಲಿ ಹಪ್ಪಳ ಒಣಗಿಸಿದಳು.

ಕಾಕಾ ನೂಲನ್ನು ಮಣ್ಣಿನ ಗುಡ್ಡಗಳ ಮೇಲೆ ಹತ್ತಿಸಿ ಇಳಿಸಿ ಮತ್ತೆ ಅಳೆದರು. ಹತ್ತೊಂಬತ್ತು ದಿನ! ನಾನು ಕೂಡಲೇ ಆಕ್ಷೇಪಿಸಿದೆ: ಉದ್ದಕ್ಕೊಂದು ಪ್ರಮಾಣ, ಎತ್ತರಕ್ಕೊಂದು ಪ್ರಮಾಣ ಹಿಡಿದಿದ್ದೀರಿ; ಸರಿಯಾಗಿ ಮಾಡಿದರೆ ಈ ಗುಡ್ಡಗಳು ಬೆರಳೆತ್ತರವೂ ಇರಬಾರದು. ಕಾಕಾ ನನ್ನನ್ನು ಕರುಣೆಯಿಂದ ನೋಡಿದರು. "ನಕಾಶಿಗೆ ಬೆರಳಷ್ಟ ಇರಬಹುದು ತಮ್ಮಾ. ಮೊಣಕಾಲಿಗೆ ಹಂಗ ಕಾಣಂಗಿಲ್ಲ."

ದಿನ ಬದಲಾದಂತೆ ಅರ್ಜಿಯೂ ಬದಲಾಗಬೇಕು. ಯಾವ ದಿನ ಎಲ್ಲಿ ತಂಗುವುದು, ಯಾವ ಹಳ್ಳದ ನೀರು, ಏನೇನು ಹೊತ್ತೊಯ್ಯುವುದು, ಎಲ್ಲ ಬರೆಯಬೇಕು. ಬರೆಯುವ ಕೆಲಸ ನನ್ನದು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಕಂಬಳಿ ಒಂದು, ಕೊಡಲಿ ಇಲ್ಲ, ಕುಡುಗೋಲು ಇಲ್ಲ, ಬೆಂಕಿಪೆಟ್ಟಿಗೆ ಒಂದು.

"ಬೆಂಕಿಪೆಟ್ಟಿಗೆ ಬಿಟ್ಟುಬಿಡ್ರಿ ಕಾಕಾ. ನಮ್ಮ ಮ್ಯಾಲ ನಾವ ಚಾಡಿ ಹೇಳಿದಂಗ ಆಕ್ಕೈತಿ."

"ಕಿಸೇದಾಗ ಇರತೈತಿ ಅಂದಮ್ಯಾಲ ಹಾಳ್ಯಾಗೂ ಇರಬೇಕು. ಬರಿ."

ಬೇಸಿಗೆಯಲ್ಲಿ ಮೂರೂ ಅರ್ಜಿಗಳು ಹೋದವು. ಎರೆಮಣ್ಣು ಒಣಗಿ ಬಿರಿದು ನಕಾಶೆಯಲ್ಲಿಲ್ಲದ ಕಣಿವೆಗಳು ಹುಟ್ಟಿದವು. ಕಾಕಾ ದಿನಾ ನೀರು ಚಿಮುಕಿಸಿ ಅವನ್ನು ಮುಚ್ಚುತ್ತಿದ್ದರು. ಮಳೆ ಬಂದಾಗ ಇಡೀ ಘಟ್ಟಕ್ಕೆ ತಾಡಪತ್ರಿ ಹೊದಿಸಿದರು. ಮೊದಲನೇ ವಲಯದ ಪರವಾನಿಗೆ ಶ್ರಾವಣದಲ್ಲಿ ಬಂತು. ಮೂರನೆಯದು ದಸರೆಗೆ. ನಡುವಿನ ಎರಡನೇ ವಲಯದಿಂದ ಮಾತ್ರ "ಖುದ್ದಾಗಿ ಬಂದು ಭೇಟಿಯಾಗಿ" ಎಂಬ ಕಾರ್ಡು ಬಂತು. ಘಟ್ಟದ ಅತಿ ಎತ್ತರದ ಭಾಗ ಅದೇ ಆಗಿತ್ತು. ಅದಿಲ್ಲದಿದ್ದರೆ ದಾರಿ ನಡುವೆ ತುಂಡು.

"ನೀನೂ ಬಾ," ಎಂದರು ಕಾಕಾ. "ನನಗ ಸಾಹೇಬ್ರ ಮುಂದ ಮಾತು ಬರೂದಿಲ್ಲ. ನಿಂದು ನಾಲಿಗಿ ಚುರುಕೈತಿ."

ಹುಬ್ಬಳ್ಳಿಗೆ ಬಂದು ಬಸ್ಸು ಬದಲಿಸಿದೆವು. ಮಿಶ್ರಿಕೋಟಿ ದಾಟುವಾಗ ಭತ್ತದ ಗದ್ದೆಗಳು ಶುರುವಾಗಿ, ನೆಲ ಮೆಲ್ಲಗೆ ಉಸಿರೆಳೆದುಕೊಂಡಂತೆ ಉಬ್ಬತೊಡಗಿತು. ಕಾಕಾ ಕಿಟಕಿಯ ಸರಳು ಹಿಡಿದು ಸುಮ್ಮನೆ ಕುಳಿತಿದ್ದರು. ಅವರ ತುಟಿ ಅಲುಗದೆ ಇದ್ದದ್ದನ್ನು ನಾನು ನೋಡಿದ್ದು ಆ ದಿನವೇ ಮೊದಲು.

ರೇಂಜರ್ ಸಾಹೇಬರು ಐವತ್ತರ ಹತ್ತಿರದ, ದಣಿದ ಮುಖದ ಮನುಷ್ಯ. "ಬರ್ರಿ ಅಜ್ಜಾರ, ಕೂಡ್ರಿ" ಎಂದು ತಾವೇ ಕುರ್ಚಿ ತೋರಿಸಿದರು. ಅರ್ಜಿ ತೆಗೆದು ಓದಿದರು. ಬೆಂಕಿಪೆಟ್ಟಿಗೆಯ ಸಾಲಿಗೆ ಬಂದಾಗ ಮೀಸೆಯೊಳಗೆ ನಕ್ಕರು.

"ದೇವರಿಗೆ ಹೊಂಟೀರೇನ್ರಿ?"

"ಇಲ್ರಿ ಸಾಹೇಬ್ರ. ನೋಡಾಕ."

"ಏನ ನೋಡಾಕ್ರಿ?"

"ಬಾಂದಗಲ್ಲಿನ ಆಚೀಕಡೆ ಏನೈತಿ ಅಂತ ನೋಡಾಕ್ರಿ."

ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. "ಕೊಡ್ತೀನ್ರಿ. ಆದ್ರ ವಯಸ್ಸಾಗೇತಿ ನಿಮಗ. ಒಬ್ಬ ಗಾರ್ಡನ್ನ ಜೋಡಿ ಕಳಸ್ತೀನಿ. ಅಂವಾ ಖಾಲಿ ಆಗೂತನಕ ಎರಡು ವಾರ ತಡೀಬೇಕು, ನಡೀತೈತೇನ್ರಿ?"

ಕಾಕಾ "ಹೂಂನ್ರಿ" ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ನಾನು ಎದ್ದೆ. ಎರಡು ವಾರ ತಡವಾದರೆ ಮೂರನೇ ವಲಯದ ತಾರೀಖು ತಪ್ಪುತ್ತದೆ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು ಅದಲ್ಲ.

"ಸಾಹೇಬ್ರ, ಸ್ವತಂತ್ರ ದೇಶದ ನಾಗರಿಕನ ಹಿಂದ ಗಾರ್ಡನ್ನ ಹಚ್ಚೂ ಅಧಿಕಾರ ನಿಮಗ ಯಾವ ಕಲಮಿನ ಪ್ರಕಾರ ಐತ್ರಿ? ಕಾಯ್ದೆ ಪುಸ್ತಕದಾಗ ತೋರಸ್ರಿ."

ಸಾಹೇಬರು ನನ್ನನ್ನೊಮ್ಮೆ, ಕಾಕಾರನ್ನೊಮ್ಮೆ ನೋಡಿದರು. ಗುಮಾಸ್ತನನ್ನು ಕರೆದು ಕಪಾಟಿನಿಂದ ಪುಸ್ತಕ ತರಿಸಿದರು. ಅದರ ಮೇಲಿನ ಧೂಳು ನೋಡಿದರೆ ಬಹಳ ದಿನ ಯಾರೂ ಅದನ್ನು ಕೇಳಿರಲಿಲ್ಲ. ಹಾಳೆ ತಿರುವಿದರು, ಬೆರಳಿಟ್ಟು ಓದಿದರು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಗಾರ್ಡಿನ ಮಾತು ಅಲ್ಲಿರಲಿಲ್ಲ. ಕಾಯ್ದಿಟ್ಟ ಅರಣ್ಯದೊಳಗೆ ಪರವಾನಿಗೆಯಿಲ್ಲದೆ ಹೋಗುವುದೇ ಅಪರಾಧ ಎಂದಿತ್ತು. ಪರವಾನಿಗೆ ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ ಎಂದಿತ್ತು.

"ನೀವು ಹೇಳಿದ್ದು ಖರೇ," ಎಂದರು ಸಾಹೇಬರು, ನನಗೂ ಬಹುವಚನ ಹಚ್ಚಿ. "ಕಾಯ್ದೇ ಪ್ರಕಾರನ ಹೋಗೂಣು."

ಅರ್ಜಿಯ ಅಂಚಿನಲ್ಲಿ ಒಂದೇ ಸಾಲು ಬರೆದರು: "ಉದ್ದೇಶ ಸ್ಪಷ್ಟವಿಲ್ಲ. ನಿರಾಕರಿಸಿದೆ." ಪೆನ್ನಿನ ಟೊಪ್ಪಿಗೆ ಹಾಕಿದರು.

ಕಾಕಾ ಎದ್ದು ಕೈಮುಗಿದು, ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕೊಡಿಸಿದರು. ನಾನು ಕಾಯ್ದೆಯ ವಾಕ್ಯಕ್ಕೆ ಇನ್ನೊಂದು ಅರ್ಥವೂ ಇದೆ, ಮೇಲ್ಮನವಿ ಹಾಕಬಹುದು ಎಂದು ಹೇಳುತ್ತಲೇ ಇದ್ದೆ.

"ಚಲೋ ಮಾತಾಡಿದಿ," ಎಂದರು ಕಾಕಾ. ಅದರಲ್ಲಿ ಚುಚ್ಚುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅವ್ರು ಪೆನ್ನಿನ ಟೊಪ್ಪಿಗಿ ತಗದಿದ್ರು. ನೋಡಿದೇನು?" ಎಂದರು.

"ನೋಡಿದೆ ಕಾಕಾ."

ಕೈಯಲ್ಲಿದ್ದ ಭಜಿಯನ್ನು ಮತ್ತೆ ಹಾಳೆಯಲ್ಲಿ ಸುತ್ತಿಟ್ಟೆ.

ಮೇಲ್ಮನವಿ ಹಾಕಿದೆ, ಉತ್ತರ ಬರಲಿಲ್ಲ. ಕೊನೆಗೆ, ಯಾರು ನೋಡುತ್ತಾರೆ, ಸುಮ್ಮನೆ ನಡೆದುಬಿಡಿ ಎಂದೆ. ಕಾಕಾ ಬೈಯಲಿಲ್ಲ. ಎರಡನೇ ವಲಯದ ಮಣ್ಣಿನ ಗುಡ್ಡಗಳ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬಿರುಕೊಂದನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದರು.

ದೀಪಾವಳಿ ಮುಗಿದ ಮೇಲೆ ಅವರು ಹೊರಟರು. ನನ್ನನ್ನು ಕರೆದಿದ್ದರು, ಅದೇ ವಾರ ನನಗೊಂದು ಚರ್ಚಾಸ್ಪರ್ಧೆ ಇತ್ತು. ಅದನ್ನು ಗೆದ್ದೆ ಕೂಡ. ಅವರು ಮೊದಲನೇ ವಲಯವನ್ನು ನಡೆದು, ಅದರ ಕೊನೆಯ ಕಲ್ಲಿನ ಹತ್ತಿರ ನಿಂತು, ತಿರುಗಿ ಇಳಿದರು. ಬಸ್ಸು ಹಿಡಿದು ಸುತ್ತಿ ಬಂದು ಮೂರನೇ ವಲಯದ ಮೊದಲ ಕಲ್ಲಿನಿಂದ ಮತ್ತೆ ಹತ್ತಿ, ಸಮುದ್ರ ನೋಡಿ ಬಂದರು. ನಡುವಿನ ದಾರಿ ಹಾಗೆಯೇ ಉಳಿಯಿತು. ಇದನ್ನೆಲ್ಲ ನನಗೆ ಹೇಳಿದ್ದು ಚಿಗವ್ವ.

ಮರುವರ್ಷ ಬೇಸಿಗೆಯಲ್ಲಿ, ನಾನು ಪರೀಕ್ಷೆ ಬರೆಯುತ್ತಿದ್ದಾಗ, ಕಾಕಾ ತೀರಿಕೊಂಡರು. ಎದೆಯೊಳಗೆ ಕಫ ಕಟ್ಟಿತ್ತಂತೆ. ಅವರನ್ನು ನಾನು ಕೊನೆಗೆ ಕಂಡದ್ದು ಸಂಕ್ರಾಂತಿಯ ರಜೆಯಲ್ಲಿ.

ಹಿತ್ತಿಲ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಹಿಂದಿನ ಸಲಕ್ಕಿಂತ ಸಣ್ಣಗಾಗಿದ್ದರು. ನಾನು ಪಕ್ಕದಲ್ಲಿ ಕೂತು, ಕಷ್ಟಪಟ್ಟು, "ಹೆಂಗಿತ್ರಿ?" ಎಂದೆ. ಅವರು ಮೊದಲನೇ ದಿನದಿಂದ ಶುರುಮಾಡಿದರು. ಹೇಳುತ್ತ ಹೇಳುತ್ತ ಅವರ ಕಣ್ಣು ಕಣದ ಮಣ್ಣಿನ ಗುಡ್ಡಗಳ ಮೇಲೆ ನೆಟ್ಟಿತು. ಬಿದಿರು ಮೆಳೆಯೊಳಗೆ ಗಾಳಿ ಹೊಕ್ಕರೆ ಯಾರೋ ಬಾಗಿಲು ತೆಗೆದಂತಾಗುವುದು, ಬೆಳಗಿನ ಜಾವ ಕಂಬಳಿಯ ಮೇಲೆ ಹನಿ ಕೂತಿರುವುದು. ಐದನೇ ದಿನ ವಲಯದ ಕೊನೆಯ ಕಲ್ಲಿಗೆ ಬಂದರು. ಅಲ್ಲಿ ಮಾತು ನಿಲ್ಲುತ್ತದೆ ಎಂದು ನಾನು ತಲೆ ತಗ್ಗಿಸಿದೆ.

"ಆರನೇ ದಿನ ಮುಂಜಾನೆ," ಎಂದರು ಕಾಕಾ ಅದೇ ದನಿಯಲ್ಲಿ, "ಕಲ್ಲಿನ ಎಡಕ್ಕ ಇಳದ್ನಿ. ಅಲ್ಲಿಂದ ದಾರಿ ಒಂದ ಏಣಿನ ಮ್ಯಾಲ ಹೋಗತೈತಿ. ಎರಡೂ ಬಾಜೂ ಮಂಜು."

"ಕಾಕಾ," ಎಂದೆ ತಡೆಯಲಾರದೆ, "ಅದು ಎರಡನೇ ವಲಯ ಅಲ್ಲೇನ್ರಿ?"

"ಹೌದು. ಕೇಳು."

ಕೇಳಿದೆ. ಏಳನೇ ದಿನ, ಎಂಟನೇ ದಿನ. ಅವರು ಎಲ್ಲೂ ಅವಸರ ಮಾಡಲಿಲ್ಲ, ಒಂದು ಏರನ್ನೂ ಬಿಡಲಿಲ್ಲ. ಉಸಿರು ಕಟ್ಟಿದಾಗ ನಿಂತು, ಸುಧಾರಿಸಿಕೊಂಡು, ಮತ್ತೆ ಹತ್ತಿದರು. ಹತ್ತನೇ ದಿನ ಅತಿ ಎತ್ತರದ ಗುಡ್ಡದ ಕೆಳಗೆ ಒಂದು ಹಳ್ಳ ಬಂತು. ಕರೀ ಬಂಡೆಗಳ ನಡುವೆ ಗಾಜಿನಂಥ ನೀರು. ಕಾಕಾ ಚಪ್ಪಲಿ ಬಿಟ್ಟು, ಪಂಜೆ ಎತ್ತಿ ಕಟ್ಟಿ, ನಡುನೀರಿಗೆ ಇಳಿದು ಬೊಗಸೆ ತುಂಬಿದರು.

ನನ್ನ ನಾಲಿಗೆಯ ತುದಿಗೆ ಬಂದ ಪ್ರಶ್ನೆಗಳು ನೂರು. ಕೇಳಿದ್ದು ಒಂದೇ.

"ನೀರು ತಣ್ಣಗಿತ್ತೇನ್ರಿ ಕಾಕಾ?"

"ಅಗದಿ," ಎಂದರು. "ಹಲ್ಲು ಜುಂ ಅಂದುವು."